ಪಟಾಲಮ್ಮನ ಕೊರಳಲ್ಲಿದ್ದ ದೊರೆ

ಶಿವರಂಜನಿ ರೋಮ್ ಕಾಲದ ಊರುಗಳ ಬಗ್ಗೆ ಓದಿದವಳು. ಪುರಾತತ್ವ ಅವಳ ಕಸುಬು. ಇಷ್ಟನ್ನು ಮಧುಗಿರಿಯ ಜನಕ್ಕೆ ಬಿಡಿಸಿ ಹೇಳುವುದರಲ್ಲೇ ಅವಳ ಅರ್ಧ ಆಯುಸ್ಸು ಕಳೆದುಹೋಯಿತು. "ರೋಮ್ ಇರೋದು ಇಟಲಿಯಲ್ಲಿ ತಾನೆ? ನೀನ್ಯಾಕೆ ದಿನಾ ಐ.ಡಿ.ಹಳ್ಳಿ ಬಸ್ ಹತ್ತುತೀಯ?" ಎಂದು ತಂದೆ ಮಲ್ಲಿಕಾರ್ಜುನಯ್ಯ ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂತು ಕೇಳುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆ ರೋಮಿನ ಹಡಗುಗಳು ನಮ್ಮ ಕರಾವಳಿಗೆ ಬಂದು ಮೆಣಸು, ಬಟ್ಟೆ ಕೊಂಡು ಬೆಳ್ಳಿ ನಾಣ್ಯ ಕೊಡುತ್ತಿದ್ದವು, ಆ ನಾಣ್ಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿದೆ, ಅಂಥ ಊರು ನಮ್ಮ ತಾಲ್ಲೂಕಿನಲ್ಲೂ ಇದ್ದಿರಬೇಕು ಎಂದು ಮಗಳು ಶುರು ಮಾಡಿದರೆ, ಅಷ್ಟರಲ್ಲಿ ಯಾರೋ ಅರ್ಧ ಕೆ.ಜಿ. ಬೆಲ್ಲ ಕೇಳಿಕೊಂಡು ಬರುತ್ತಿದ್ದರು. ನೆಂಟರಿಷ್ಟರದಂತೂ ಒಂದೇ ಪ್ರಶ್ನೆ: ನಿಧಿ ಸಿಕ್ತಾ? ಮದುವೆ ಮನೆಯಾಗಲಿ, ತಿಥಿಯಾಗಲಿ, ಊಟದ ಎಲೆ ಮುಂದೆ ಕೂತ ಕೂಡಲೇ ಇದು ಬಂತೆಂದೇ ಲೆಕ್ಕ. ಕೊನೆಕೊನೆಗೆ ಅವಳು "ಹ್ಞೂಂ, ಎರಡು ಕೊಪ್ಪರಿಗೆ" ಎಂದುಬಿಡುತ್ತಿದ್ದಳು. ಅದನ್ನೂ ನಂಬಿದವರಿದ್ದರು.

ಅವಳ ಇಡೀ ಬದುಕು ಅಂಟಿಕೊಂಡಿದ್ದು ಐ.ಡಿ.ಹಳ್ಳಿಯ ಆಚೆಗಿನ ಒಂದು ಹಾಳೂರ ದಿಬ್ಬಕ್ಕೆ. ಬೂದಿ ಬಣ್ಣದ ಮಣ್ಣು. ಬೆಳೆಗೆ ಒಳ್ಳೆಯದೆಂದು ರೈತರು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು. ಅವರ ಹಿಂದೆ ಹಿಂದೆ ಹೋಗಿ ಅವಳು ಮಡಕೆ ಚೂರು, ಮಣಿಗಳನ್ನು ಆಯ್ದಳು. ಇದು ಆ ಕಾಲದ ಊರೇ ಎಂದು ಅವಳಿಗೆ ಖಾತ್ರಿಯಾಯಿತು. ಇಲಾಖೆಯ ಮೇಲಿನವರಿಗೆ ಆಗಲಿಲ್ಲ. ಮಡಕೆ ಚೂರು ಎಲ್ಲಾ ಕಡೆ ಸಿಗುತ್ತೆ ಮೇಡಂ, ರೋಮ್ ಅನ್ನೋದಕ್ಕೆ ಗುರುತೇನು, ಗುರುತಿಲ್ಲದೆ ಅಗೆಯೋಕೆ ಅನುಮತಿ ಹೆಂಗೆ ಕೊಡೋದು ಎಂದರು. ವರ್ಷ ವರ್ಷವೂ ಅದನ್ನೇ ಅಂದರು. ದಿಬ್ಬ ವರ್ಷ ವರ್ಷವೂ ತಗ್ಗಾಯಿತು.

ಒಂದು ಬೇಸಿಗೆಯಲ್ಲಿ ದಿಬ್ಬದ ಕೆಳಗಿನ ಮನೆಯಲ್ಲಿ ನೀರು ಕೇಳಿದಳು. ಆ ಮನೆಯ ಪಟಾಲಮ್ಮ ಚೊಂಬು ಕೊಡಲು ಬಗ್ಗಿದಾಗ ಅವಳ ಸೆರಗಿನಿಂದ ಅರಿಶಿನದ ದಾರ ಜೋತುಬಿತ್ತು. ದಾರದ ತುದಿಯಲ್ಲಿ ಒಂದು ಬೆಳ್ಳಿ ನಾಣ್ಯ. ನಾಣ್ಯದ ಮೇಲೆ ಉದ್ದ ಮೂಗಿನ, ತಲೆಗೆ ಎಲೆಯ ಮಾಲೆ ಸುತ್ತಿದ ಗಂಡಸಿನ ಮುಖ, ರೋಮಿನ ದೊರೆಯದು. ಶಿವರಂಜನಿಗೆ ಕುಡಿದ ಮೊದಲ ಗುಟುಕೇ ನೆತ್ತಿಗೇರಿತು.

"ಇದಾ? ನನ್ ತಾಳಿ ಕಣಮ್ಮ," ಎಂದಳು ಪಟಾಲಮ್ಮ. "ನಮ್ಮತ್ತೆ ದಿಬ್ಬದಾಗೆ ಮಣ್ ತುಂಬೋವಾಗ ಸಿಕ್ತಂತೆ. ಚಿನ್ನ ಎಲ್ಲಿತ್ತು ಆಗ? ಇದ್ನೇ ಕಟ್ಸಿದ್ರು."

"ಅವ್ವ, ಒಂದ್ಸಲ ಬಿಚ್ಚಿ ಕೊಡ್ತೀರಾ?" ಬಾಯಿಂದ ಬಿದ್ದ ಮೇಲೆ ಶಿವರಂಜನಿ ನಾಲಿಗೆ ಕಚ್ಚಿಕೊಂಡಳು.

ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ಗಂಡ ಸಣ್ಣರಂಗಯ್ಯ ಕೆಮ್ಮುವವರೆಗೂ ನಕ್ಕ. "ನಾನ್ ಸಾಯೋಗಂಟ ಕಾಯ್ಬೇಕು ಕಣಮ್ಮ. ನಮ್ಮಪ್ಪ ತೊಂಬತ್ತು ದಾಟಿದ್ದ, ನೋಡ್ಕೊ."

ಅಲ್ಲಿಗೆ ಶುರುವಾಯಿತು. ನಾಣ್ಯ ಇದೆ, ಕಣ್ಣೆದುರಿಗೆ ಓಡಾಡುತ್ತಿದೆ, ಮುದ್ದೆ ತಿರುವುತ್ತಿದೆ, ಎಮ್ಮೆ ಕರೆಯುತ್ತಿದೆ. ಕೈಗೆ ಮಾತ್ರ ಬರುವುದಿಲ್ಲ. ಫೋಟೋ ತೆಗೆದು ಮೈಸೂರಿನ ನಾಣ್ಯತಜ್ಞ ಪರ್ವತಯ್ಯನವರಿಗೆ ತೋರಿಸಿದಳು. ಆಗಿನ ಕಾಲದಲ್ಲೇ ನಕಲಿಯೂ ಇತ್ತು, ಇನ್ನೊಂದು ಮುಖ ನೋಡಬೇಕು, ತೂಕ ನೋಡಬೇಕು, ಲೋಹ ಪರೀಕ್ಷೆ ಮಾಡಬೇಕು, ನಾಣ್ಯ ತನ್ನಿ ಎಂದರು. ಇನ್ನೊಂದು ಮುಖಕ್ಕೆ ಯಾವುದೋ ಕಾಲದ ಆಚಾರಿ ಅರಗು ತುಂಬಿ ಕೊಂಡಿ ಕೂರಿಸಿದ್ದ. ತೂಕಕ್ಕೆಂದು ಪಟಾಲಮ್ಮನನ್ನು ಮಧುಗಿರಿಯ ಚಿನ್ನದಂಗಡಿಗೆ ಕರೆತಂದದ್ದೂ ಆಯಿತು. ದಾರ ಕೊರಳಲ್ಲೇ, ನಾಣ್ಯ ತಕ್ಕಡಿಯ ತಟ್ಟೆಯಲ್ಲಿ, ಪಟಾಲಮ್ಮ ಗಲ್ಲಾದ ಮೇಲೆ ಬಗ್ಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಅಂಗಡಿಯವನು, ಮೇಡಂ, ಇದು ಅರಿಶಿನ, ಸೋಪು, ಅರಗು ಎಲ್ಲಾ ಸೇರಿದ ತೂಕ ಎಂದ. ನಗೆ ತಡೆಯಲಾರದೆ ಪಟಾಲಮ್ಮ ಉಸಿರು ಬಿಟ್ಟಳು. ತಟ್ಟೆ ಮಗುಚಿತು.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಹುಣಸೆಹಣ್ಣು. ಹಬ್ಬ ಬಂತೆಂದರೆ ಪಟಾಲಮ್ಮ ಹುಣಸೆಹಣ್ಣು, ಬೂದಿ ಹಾಕಿ ತಾಳಿಯನ್ನು ಫಳಫಳ ಉಜ್ಜುತ್ತಿದ್ದಳು. ಪ್ರತಿ ಯುಗಾದಿಗೂ ರೋಮಿನ ದೊರೆಯ ಮೂಗು ಒಂದಿಷ್ಟು ಸವೆಯುತ್ತಿತ್ತು.

"ಉಜ್ಜಬೇಡಿ ಅಂತ ಎಷ್ಟು ಸಲ ಹೇಳಲಿ ಅವ್ವ!"

"ಕರ್ರಗಿರೋ ತಾಳಿ ಹಾಕ್ಕಂಡು ಹಬ್ಬ ಮಾಡಾದು ಹೆಂಗಮ್ಮ? ನೀನೊಳ್ಳೆ ಸರಿ."

ಒಮ್ಮೆ ಸಣ್ಣರಂಗಯ್ಯನಿಗೆ ಜ್ವರ ಏರಿ ಮಾತು ನಿಂತಿತು. ಸೊಸೆ ಮಂಜಮ್ಮ ಫೋನು ಮಾಡಿದಾಗ ಶಿವರಂಜನಿಗೆ ಮೊದಲು ನೆನಪಾಗಿದ್ದು ನಾಣ್ಯ. ತನ್ನ ಮೇಲೇ ಅಸಹ್ಯವಾಯಿತು. ಆ ಸಿಟ್ಟಿಗೆ ತಾನೇ ಕಾರು ಓಡಿಸಿಕೊಂಡು ಹೋಗಿ ಅವನನ್ನು ಆಸ್ಪತ್ರೆಗೆ ಸೇರಿಸಿದಳು, ಡಾಕ್ಟರ ಜೊತೆ ಜಗಳವಾಡಿದಳು, ಗಂಜಿ ಕುಡಿಸಿದಳು. ಎದ್ದು ಕೂತ ಮುದುಕ ಆಡಿದ ಮೊದಲ ಮಾತು: "ನಿಂಗೇ ನಷ್ಟ ಆಗೋಯ್ತಲ್ಲಮ್ಮ!"

ಅವಳು ನಿವೃತ್ತಳಾದಳು. ದಿಬ್ಬ ಅರ್ಧವಾಗಿತ್ತು. ಪಾವಗಡದ ಕಡೆಯಂತೆ ಇಲ್ಲೂ ಸೋಲಾರ್ ಹಾಕುತ್ತಾರಂತೆ, ಉಳಿದದ್ದನ್ನೂ ಮಟ್ಟ ಮಾಡುತ್ತಾರಂತೆ ಎಂಬ ಸುದ್ದಿ ಬಂತು. ಅವಳು ಕೊನೆಯದೊಂದು ಅರ್ಜಿ ಹಾಕಿದಳು. ಗಟ್ಟಿ ಗುರುತು ತಂದರೆ ತಡೆಯಬಹುದು ಎಂದು ಉತ್ತರ ಬಂತು.

ಆ ಕಾರ್ತೀಕದಲ್ಲಿ ಹೋದದ್ದು ಸಣ್ಣರಂಗಯ್ಯನಲ್ಲ, ಪಟಾಲಮ್ಮ. ರಾಗಿ ಕೇರುತ್ತಾ ಕೂತವಳು ಹಾಗೆಯೇ ಒರಗಿದಳಂತೆ.

ದಿಬ್ಬದ ಬುಡದಲ್ಲೇ ಅವರ ಮಣ್ಣು ಮಾಡುವ ಜಾಗ. ಹೂವು, ಅರಿಶಿನ, ಹಸಿರು ಬಳೆ ತೊಟ್ಟ ಮುತ್ತೈದೆ ಗುಂಡಿಯ ಪಕ್ಕ ಮಲಗಿದ್ದಳು. ಅವರಲ್ಲಿ ಮುತ್ತೈದೆ ತಾಳಿಯ ಸಮೇತ ಹೋಗಬೇಕು. ಶಿವರಂಜನಿಗೆ ಅದು ಗೊತ್ತಿತ್ತು. ಬಾಯಿ ಬಿಡಬಾರದೆಂದು ದೂರ ನಿಂತಿದ್ದಳು. ಸಣ್ಣರಂಗಯ್ಯನೇ ಕರೆದ.

"ಬಾರಮ್ಮ, ತಗೊ. ಕಾದು ಕಾದು ನಿನ್ ತಲೆ ಬೆಳ್ಳಗಾಯ್ತು. ಜನ ಏನಾರ ಅನ್ಲಿ, ನಾನ್ ಹೇಳ್ಕಂತೀನಿ."

ಹಿರಿಯರು ಗೊಣಗಿದರು. ಅವನು ಕೇಳಲಿಲ್ಲ. ಹೆಂಡತಿಯ ಕೊರಳಿಗೆ ಕೈ ಹಾಕಿ ಗಂಟು ಬಿಚ್ಚಲು ಹೋದ. ಬೆರಳಿಗೆ ಗಂಟು ಸಿಕ್ಕಲಿಲ್ಲ. ಅವನು ಕಟ್ಟಿದ್ದ ಗಂಟು ಅದು. ಮತ್ತೆ ಹುಡುಕಿದ. ಶಿವರಂಜನಿ ಪಕ್ಕದಲ್ಲಿ ಮಂಡಿಯೂರಿ, ಅವನ ಕೈ ಸರಿಸಿ, ನಾಣ್ಯವನ್ನು ಹಿಡಿದಳು. ಹಳೆಯ ಅರಗು ಬೆರಳಿನಲ್ಲೇ ಪುಡಿಯಾಗಿ ಉದುರಿತು. ಹುಣಸೆಹಣ್ಣು ಮುಟ್ಟದ ಆ ಬದಿಯಲ್ಲಿ ಪೀಠದ ಮೇಲೆ ಕೂತ ಹೆಂಗಸು, ಸುತ್ತ ಅಕ್ಷರ, ನಿನ್ನೆ ಒತ್ತಿದಷ್ಟು ಚೂಪು. ಅಪ್ಪಟ ನಾಣ್ಯ. ಪರ್ವತಯ್ಯನವರಿಗೆ ಬೇಕಿದ್ದದ್ದು, ಮೇಲಿನವರಿಗೆ ಬೇಕಿದ್ದದ್ದು, ದಿಬ್ಬಕ್ಕೆ ಬೇಕಿದ್ದದ್ದು ಅವಳ ಬೆರಳ ನಡುವೆ ಇತ್ತು. ಅವಳು ಮುದುಕನ ಕೈಯನ್ನು ನೋಡಿದಳು. ಅದು ಇನ್ನೂ ಗಾಳಿಯಲ್ಲಿ ಗಂಟು ಹುಡುಕುತ್ತಿತ್ತು.

ನಾಣ್ಯವನ್ನು ಪಟಾಲಮ್ಮನ ಸೆರಗಿನ ಒಳಗೆ ಸೇರಿಸಿ ಎದ್ದಳು. "ಬೇಡ. ಹಾಗೇ ಹೋಗಲಿ."

"ಇಷ್ಟ್ ವರ್ಸ ಪ್ರಾಣ ತಿಂದ್ಬುಟ್ಟು ಈಗ ಬ್ಯಾಡ ಅಂತೀಯಾ? ನಿನ್ ಬುದ್ಧಿಗೇನ್ ಬಂತಮ್ಮ?" ಮುದುಕ ಅಳುತ್ತಲೇ ರೇಗಿದ.

"ಸುಮ್ನಿರಿ ರಂಗಯ್ಯ," ಎಂದು ಅವಳೂ ರೇಗಿದಳು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಕೊಡುತ್ತೇನೆ ಎಂದ ಅವನ ಮೇಲೆ, ಬೇಡ ಎಂದ ತನ್ನ ಮೇಲೆ. ಮುಂದೊಂದು ದಿನ ಇಲ್ಲಿ ಅಗೆಯುವ ಯಾವಳೋ ಬಡಪಾಯಿ, ರೋಮಿನ ದೊರೆಯನ್ನೂ ನೈಲಾನ್ ಸೀರೆಯನ್ನೂ ಒಂದೇ ಗುಂಡಿಯಲ್ಲಿ ಕಂಡು ತಲೆ ಚಚ್ಚಿಕೊಳ್ಳುತ್ತಾಳೆ, ಅವಳ ಮೇಲಿನವರು ಗುರುತೇನು ಎಂದು ಕೇಳುತ್ತಾರೆ.

"ಮೂರು ಹಿಡಿ ಮಣ್ ಹಾಕಮ್ಮ," ಎಂದಳು ಮಂಜಮ್ಮ, ಅತ್ತೆಯನ್ನು ಗುಂಡಿಗೆ ಇಳಿಸಿದ ಮೇಲೆ. ಮಣ್ಣು ತೆಗೆಯುವುದೊಂದೇ ಗೊತ್ತಿದ್ದ ಶಿವರಂಜನಿ ಬಗ್ಗಿ, ಆ ಬೂದಿ ಬಣ್ಣದ ಮಣ್ಣನ್ನು ಬೊಗಸೆಯಲ್ಲಿ ತುಂಬಿಕೊಂಡು, ಪಟಾಲಮ್ಮನ ಮೇಲೆ ಹಾಕಿದಳು.