ಗಾಳೆಮ್ಮ ತಂದ ಒಂದೇ ಖಣ

ಕುಕನೂರಿನ ಗಾಳೆಮ್ಮ ಗಂಡ ಸತ್ತಾಗ ಬಂದ ರೊಕ್ಕವನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಲ್ಲೇ ಬದುಕಿದವಳು. ಅಸಲು ಮುಟ್ಟಿದರೆ ಸತ್ತವನಿಗೆ ಎರಡು ಬಗೆದಂತೆ ಎಂದು ಹೆದರುತ್ತಿದ್ದಳು. ವರ್ಷದ ಬಡ್ಡಿ ಜೋಳಕ್ಕೆ, ಸೀಮೆಎಣ್ಣೆಗೆ ಹೋಗಿ, ನಾಗರಪಂಚಮಿಗೆ ಇಬ್ಬರು ಹೆಣ್ಣುಮಕ್ಕಳ ಕುಬಸಕ್ಕೆ ಎರಡು ರವಿಕೆ ಖಣ ಕೊಳ್ಳುವಷ್ಟು ಉಳಿಯುತ್ತಿತ್ತು.

೧೯೭೮ರಲ್ಲಿ ಬ್ಯಾಂಕಿನ ಗುಮಾಸ್ತ, “ಮ್ಯಾಲಿನವರು ಬಡ್ಡಿ ಇಳಿಸ್ಯಾರವ್ವ, ನಮ್ಮ ಕೈಯಾಗ ಏನೂ ಇಲ್ಲ,” ಎಂದ. ಯಾಕೆ ಇಳಿಸಿದಿರಿ ಎಂದು ಕೇಳಲು ಅವಳಿಗೆ ಆ ಮೇಲಿನವರ ಬಾಗಿಲು ಗೊತ್ತಿರಲಿಲ್ಲ. ಚಹಾ ಬಿಟ್ಟಳು, ಕತ್ತಲಾಗುವ ಮೊದಲೇ ಉಂಡು ಎಣ್ಣೆ ಉಳಿಸಿದಳು. ಆದರೂ ಮಿಕ್ಕಿದ್ದು ಒಂದೇ ಖಣದ ರೊಕ್ಕ.

“ಇದನ್ನ ಎರಡು ತುಂಡು ಮಾಡಿ ಕೊಡಪಾ,” ಎಂದು ಅರಿವೆ ಅಂಗಡಿಯ ಉಮರಸಾಬನನ್ನು ಕೇಳಿದಳು.

“ಅರ್ಧ ಖಣದಾಗ ಕೂಸಿನ ತಲಿಗೊಂದು ಕುಲಾಯಿ ಆಗತೈತಿ ನೋಡವ್ವ. ಕುಬಸ ಎಲ್ಲಿಂದ ಆಗಬೇಕು?” ಎಂದ ಅವನು.

ಕಿರಿಮಗಳು ನಿಂಗವ್ವನಿಗೆ ಮದುವೆಯಾದ ಮೇಲೆ ಅದು ಮೊದಲ ಪಂಚಮಿ, ತವರಿಗೆ ಕರೆಯದೆ ಇರುವಂತಿರಲಿಲ್ಲ. ಹಾಗಾಗಿ ಗಾಳೆಮ್ಮ ನವಲಿಯಲ್ಲಿದ್ದ ಹಿರಿಮಗಳು ಹುಲಿಗೆವ್ವನಿಗೆ ಹೇಳಿ ಕಳಿಸಿದಳು: “ಈ ಸಲ ಬರಬ್ಯಾಡ. ನನಗ ಮೈಯಾಗ ನೆಟ್ಟಗಿಲ್ಲ, ಉಂಡಿ ಕಟ್ಟಾಕ ಆಗೂದಿಲ್ಲ.”

ಹಬ್ಬದ ಬೆಳಿಗ್ಗೆ ಮೊದಲ ಬಸ್ಸಿಗೇ ಹುಲಿಗೆವ್ವ ಬಂದಿಳಿದಳು. ಅಳುತ್ತ ಓಡಿಬಂದು ತಾಯಿಯ ಹಣೆ, ಕೈ ಮುಟ್ಟಿ ನೋಡಿದಳು.

“ಏನಾಗೇತಿಬೇ ಯವ್ವಾ ನಿನಗ?”

ಅಷ್ಟರಲ್ಲಿ ಅಕ್ಕನ ದನಿ ಕೇಳಿದ ನಿಂಗವ್ವ, ಹೊಸ ಕುಬಸ ತೊಟ್ಟು, ಕೈಯಲ್ಲಿ ಉಂಡಿ ಹಿಡಿದು, ಒಳಗಿನಿಂದ ನಗುತ್ತ ಬಂದಳು.