ಏಳನೇ ನಂಬರಿನ ಫ್ಲಾಪಿ

ಮೊಟ್ಟೆ ಸಾಹೇಬರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಮೂವತ್ತು ಚಿಲ್ಲರೆ ವರ್ಷ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಕೂತಿದ್ದರ ಗುರುತು ಅದು. ನಿವೃತ್ತರಾದ ಮೇಲೂ ಯಾವುದರ ಮೇಲಾದರೂ ಅನುಮಾನ ಬಂದರೆ ಎಡಗಣ್ಣು ತಾನಾಗಿಯೇ ಪೂರ್ತಿ ಮುಚ್ಚಿಕೊಳ್ಳುತ್ತಿತ್ತು, ಬಲಗಣ್ಣು ದೊಡ್ಡದಾಗುತ್ತಿತ್ತು. ತರಕಾರಿಯವಳು, ಹಾಲಿನವನು, ಗ್ಯಾಸ್ ಸಿಲಿಂಡರ್ ತರುವವನು, ಎಲ್ಲರೂ ಆ ಒಂಟಿ ಕಣ್ಣಿಗೆ ಅಂಜುತ್ತಿದ್ದರು. ಅವರೋ, ಹನೂರು ಎಂದು ಬೋರ್ಡು ಹಾಕಿಕೊಂಡ ಬಸ್ಸು ಎದುರಿಗೇ ನಿಂತಿದ್ದರೂ ಇಬ್ಬರನ್ನು ಕೇಳಿ ಹತ್ತುತ್ತಿದ್ದರು. ಇಬ್ಬರನ್ನೇ ಯಾಕೆ ಎಂದರೆ, ಒಬ್ಬನ ಕಣ್ಣು ತಪ್ಪಬಹುದಂತೆ.

ಕೊಳ್ಳೇಗಾಲದಲ್ಲಿ ಅವರ ಮನೆ ನಮ್ಮ ಮನೆಗೆ ಎದುರು. ಬೀದಿಯವರೆಲ್ಲ ಅವರನ್ನು ಮೊಟ್ಟೆ ಸಾಹೇಬರು ಎನ್ನುತ್ತಿದ್ದೆವು. ರೈತರಿಗೆ ಕೊಡುವ ರೇಷ್ಮೆ ಮೊಟ್ಟೆಯಲ್ಲಿ ಗಂಟುರೋಗ ಇದೆಯೇ ಎಂದು ನೋಡುವುದು ಅವರ ಕೆಲಸವಾಗಿತ್ತು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ನೋಡಬೇಕು. ರೋಗದ ಕಣ ಕಂಡರೆ ಆ ತಾಯಿಯ ಮೊಟ್ಟೆಯೆಲ್ಲ ಬೆಂಕಿಗೆ. ಒಂದು ತಪ್ಪಿಸಿಕೊಂಡರೂ ಯಾವುದೋ ಊರಿನ ಹುಳುಮನೆಯಲ್ಲಿ ತಟ್ಟೆ ತಟ್ಟೆ ಹುಳುವೇ ಸಾಯುತ್ತದೆ. ಹುಳು ಸಾಕುವವರ ಮನೆ ಬಾಗಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ನೀರಿನ ಬೋಗುಣಿ ಇಡುವುದುಂಟು. ಸಾಹೇಬರ ಮನೆಯಲ್ಲಿ ಒಂದು ಹುಳವೂ ಇರಲಿಲ್ಲ, ಆದರೂ ಬಾಗಿಲಲ್ಲಿ ಬೋಗುಣಿ ಇತ್ತು. ಮದುವೆಯ ಕರೆಯೋಲೆ ಕೊಡಲು ಬಂದವರೂ ಕಾಲು ಅದ್ದಿಯೇ ಒಳಗೆ ಹೋಗಬೇಕು.

"ರೋಗಕ್ಕೆ ಕಾಲಿಲ್ಲ ಕಣವ್ವ, ಯಾರ್ದಾರೂ ಕಾಲ್ನ ಇಡ್ಕಂಡೇ ಬತ್ತದೆ" ಎನ್ನುವುದು ಅವರ ಮಾತು. ಇದನ್ನು ದಿನಕ್ಕೆ ಎರಡು ಸಲವಾದರೂ ಕೇಳಿ ನನಗೆ ಬೇಸರ ಬಂದಿತ್ತು.

ಆಗ ನಾನು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಶಾಲೆಗಳ ಪ್ರಶ್ನೆಪತ್ರಿಕೆ ಟೈಪು ಮಾಡಿಕೊಡುತ್ತಿದ್ದೆ. ಹನೂರು, ಯಳಂದೂರು ಕಡೆಯ ಆರು ಪ್ರೌಢಶಾಲೆಗಳು ಸೇರಿ ಒಂದೇ ಪ್ರಶ್ನೆಪತ್ರಿಕೆ ಮಾಡುತ್ತಿದ್ದವು. ಯಳಂದೂರು ಕಡೆಯ ಒಬ್ಬ ಹೆಡ್‌ಮಾಸ್ಟರು ಅದರ ಮುಖ್ಯಸ್ಥರು. ಹನೂರಿನ ಶಾಲೆಯ ಗುಮಾಸ್ತ ಎಲ್ಲ ಶಾಲೆಗಳ ಹಸ್ತಪ್ರತಿಯನ್ನೂ, ಕೆಲವನ್ನು ಫ್ಲಾಪಿಯಲ್ಲೂ, ನನಗೆ ತಲುಪಿಸುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಫ್ಲಾಪಿಯನ್ನು ನನ್ನ ಕೈಗೆ ಕೊಡುವಾಗ ಒಂದು ಸಲ, ವಾಪಸು ಇಸಿದುಕೊಳ್ಳುವಾಗ ಒಂದು ಸಲ ಅದನ್ನು ತಿರುಗಿಸಿ ನೋಡುತ್ತಿದ್ದ. ಊರಿನ ಆಚೆಗೆ ನನ್ನನ್ನು ನಂಬಿ ಯಾರಾದರೂ ಒಂದು ಕೆಲಸ ಕೊಟ್ಟಿದ್ದರೆ ಅದು ಇದೊಂದೇ. ಅದು ಕೈತಪ್ಪಿದರೆ ನಾನು ಮತ್ತೆ ಬರೀ ಅಡುಗೆಮನೆಯವಳು ಎನ್ನುವ ಭಯ ಒಳಗೊಳಗೇ ಇತ್ತು.

ಆ ವರ್ಷ ದಸರಾ ರಜೆಗೆ ಮುಂಚಿನ ಪರೀಕ್ಷೆಗೆ ಇನ್ನು ಐದೇ ದಿನ ಇದ್ದಾಗ ಕಂಪ್ಯೂಟರ್ ತೆರೆದರೆ ಫೈಲುಗಳ ಹೆಸರು ಇದೆ, ಒಳಗೆ ಒಂದಕ್ಷರ ಇಲ್ಲ. ನಕಲು ಇಟ್ಟಿದ್ದ ನನ್ನ ಫ್ಲಾಪಿಯದೂ ಅದೇ ಪಾಡು. ಮೈಸೂರಿನಿಂದ ಬಂದ ಎಂಜಿನಿಯರ್ ನೋಡಿ, ವೈರಸ್ಸು, ಹೊರಗಿನ ಯಾವುದೋ ಫ್ಲಾಪಿಯಿಂದ ಬಂದಿದೆ ಎಂದ. ಎಲ್ಲವನ್ನೂ ಒರೆಸಿ ಹೊಸದಾಗಿ ಹಾಕಿಕೊಟ್ಟು, ಒಂದು ಆ್ಯಂಟಿವೈರಸ್ ಹಾಕಿಸಿಕೊಳ್ಳಿ ಎಂದು ಹೇಳಿ ಹೋದ. ಹೋಟೆಲಿನ ಅನ್ನ ತರಿಸಿ ತಿಂದು ಮೂರು ದಿನದಲ್ಲಿ ಎಲ್ಲ ಮತ್ತೆ ಟೈಪು ಮಾಡಿದೆ. ಹೆಡ್‌ಮಾಸ್ಟರು ಬೈಯಲಿಲ್ಲ. ಇದು ಯಾರಿಂದ ಬಂತು ಎಂದು ಪತ್ತೆ ಮಾಡಿ, ಇಲ್ಲದಿದ್ದರೆ ಮುಂದಿನ ಸಲ ಮೈಸೂರಿನಲ್ಲೇ ಮಾಡಿಸುತ್ತೇವೆ ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಸಾಹೇಬರಿಗೆ ಪತ್ತೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕಿತ್ತು. ನಿವೃತ್ತರಾದ ಮೇಲೆ ಅಷ್ಟು ಲವಲವಿಕೆಯಿಂದ ಅವರು ಬೀದಿ ದಾಟಿದ್ದನ್ನು ನಾನು ನೋಡಿರಲಿಲ್ಲ. ನಮ್ಮ ಮನೆಗೆ ಯಾರು ಯಾರು ಬರುತ್ತಾರೆ, ಯಾರ ಕೈಯಲ್ಲಿ ಏನಿರುತ್ತದೆ ಎಂದು ಕೇಳಿ ಬರೆದುಕೊಂಡರು. ಕೊನೆಗೆ ಎಡಗಣ್ಣು ಮುಚ್ಚಿತು. ಆರು ಊರಿನ ಕಾಗದ ಮುಟ್ಟಿ ಬರುವವನು ಯಾರು? ಹನೂರಿನ ಗುಮಾಸ್ತ. ಅವನು ಮುಂದಿನ ಸಲ ಬಂದಾಗ ಸಾಹೇಬರು ನಮ್ಮ ಜಗಲಿಯಲ್ಲೇ ಕೂತು, ಫ್ಲಾಪಿ ಎಲ್ಲೆಲ್ಲಿ ಹಾಕುತ್ತೀಯಪ್ಪಾ ಎಂದು ವಿಚಾರಿಸಿದರು. ಅವನು ತಡಬಡಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆ ಒಂಟಿ ಕಣ್ಣಿನ ಮುಂದೆ ತಡಬಡಿಸದವರು ನಮ್ಮ ಬೀದಿಯಲ್ಲೇ ಯಾರೂ ಇಲ್ಲ ಎಂಬುದು ಆಗ ನೆನಪಾಗಲಿಲ್ಲ. ಫ್ಲಾಪಿ ಇಲ್ಲೇ ಇರಲಿ ಎಂದು ಸಾಹೇಬರು ಇಟ್ಟುಕೊಂಡರು.

ಮಾರನೆಯ ದಿನ ಹೆಡ್‌ಮಾಸ್ಟರಿಗೆ ಫೋನು ಮಾಡಿ ಗುಮಾಸ್ತನ ಹೆಸರು ಹೇಳಿದವಳು ನಾನು. ಸಾಹೇಬರು ಅನುಮಾನಪಟ್ಟರು ಅಷ್ಟೆ, ಹೇಳಿದ್ದು ನನ್ನ ಬಾಯಿ. ವಾರದಲ್ಲಿ ಅವನನ್ನು ಪ್ರಶ್ನೆಪತ್ರಿಕೆಯ ಕೆಲಸದಿಂದ ತೆಗೆದರು ಎಂಬ ಸುದ್ದಿ ಬಂತು. ಶಾಲೆಯಲ್ಲಿ ಅವನ ಕೈಗೆ ಬೀಗದ ಕೈ ಕೊಡುವುದನ್ನೂ ನಿಲ್ಲಿಸಿದ್ದರಂತೆ.

ಇನ್ನು ಆ್ಯಂಟಿವೈರಸ್ ಆರಿಸುವುದು. ಮೂರು ಸಿಡಿಗಳು ಸಿಕ್ಕಿದವು. ಒಂದು ನಮ್ಮೂರಿನ ಕಂಪ್ಯೂಟರ್ ಅಂಗಡಿಯವನು ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದು ಕೊಟ್ಟ ನಕಲು. ಇನ್ನೊಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದದ್ದು. ಮೂರನೆಯದು ಡಬ್ಬಿಯಲ್ಲಿದ್ದ ಅಸಲು, ಮೈಸೂರಿನ ಡೀಲರು ಹದಿನೈದು ದಿನ ಹಾಕಿ ನೋಡಿ ಎಂದು ಕೊಟ್ಟದ್ದು. ಡಬ್ಬಿ ಚೆನ್ನಾಗಿದೆ, ಇದೇ ಇರಲಿ ಎಂದೆ. ಸಾಹೇಬರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರು. ರೋಗ ಬಿಡುವವರೂ ಔಷಧಿ ಮಾರುವವರೂ ಒಬ್ಬರೇ ಅಲ್ಲ ಎನ್ನುವುದಕ್ಕೆ ಏನು ಖಾತರಿ ಎಂದು ಕೇಳಿದರು. ಹಾಗಾದರೆ ಯಾವುದನ್ನು ನಂಬುವುದು ಸಾ ಎಂದೆ.

"ಅದು ಎಷ್ಟ್ ಇಡೀತು ಅಂತ ಕೇಳ್ಬ್ಯಾಡ ಕಣವ್ವ. ಯಾವುದ್ನ ಬುಟ್‌ಬುಡ್ತು ಅಂತ ನೋಡು."

ಕೋಠಿಯಲ್ಲಿ ಹೊಸಬರು ಕೆಲಸಕ್ಕೆ ಬಂದಾಗ ಒಂದು ಪದ್ಧತಿ ಇತ್ತಂತೆ. ಒಳ್ಳೆಯ ಗಾಜುಗಳ ನಡುವೆ ರೋಗ ಇರುವ ಒಂದು ಗಾಜನ್ನು ಹೇಳದೆ ಸೇರಿಸಿ ಕೊಡುವುದು. ಅದನ್ನು ಹಿಡಿದವನಿಗೆ ಮಾತ್ರ ಸೂಕ್ಷ್ಮದರ್ಶಕ. ಸಾಹೇಬರು ಅದೇ ಪರೀಕ್ಷೆಯನ್ನು ಮೂರು ಸಿಡಿಗಳಿಗೂ ಇಟ್ಟರು. ಹತ್ತು ಫ್ಲಾಪಿಗಳ ಮೇಲಿನ ಹಳೆಯ ಚೀಟಿ ಕಿತ್ತು, ಒಂದೇ ಥರದ ಚೀಟಿ ಅಂಟಿಸಿ, ಒಂದರಿಂದ ಹತ್ತರವರೆಗೆ ನಂಬರು ಹಾಕಿದರು. ಏಳು ಫ್ಲಾಪಿ ಹೊಚ್ಚ ಹೊಸವು. ಒಂದು, ರೋಗ ಇದೆ ಎಂದು ಗೊತ್ತಿದ್ದ ನನ್ನ ನಕಲಿನ ಫ್ಲಾಪಿ. ಒಂದು ಗುಮಾಸ್ತನದು. ಉಳಿದ ಒಂದು ಸಾಹೇಬರದೇ. ಯಾವುದು ಯಾವ ನಂಬರು ಎಂಬ ಪಟ್ಟಿ ಅವರ ಅಂಗಿಯ ಜೇಬಿನಲ್ಲಿ, ನನಗೂ ತೋರಿಸಲಿಲ್ಲ.

ಸಾಹೇಬರಿಗೆ ಫ್ಲಾಪಿ ಯಾಕೆ ಎಂದರೆ, ಹುಳು ಸಾಕುವವರಿಗೆ ಹಂಚಲು ಅವರೊಂದು ಕಿರುಪುಸ್ತಕ ಬರೆಯುತ್ತಿದ್ದರು. ಗಂಟುರೋಗ ಗುರುತಿಸುವುದು ಹೇಗೆ, ಬ್ಲೀಚಿಂಗ್ ಪುಡಿ ಎಷ್ಟಕ್ಕೆ ಎಷ್ಟು, ಇಂಥವು. ವಾರಕ್ಕೆ ಒಂದು ಪುಟ ನನ್ನ ಹತ್ತಿರ ಟೈಪು ಮಾಡಿಸಿ ತಮ್ಮ ಫ್ಲಾಪಿಗೆ ಹಾಕಿಸಿಕೊಂಡು ಹೋಗುತ್ತಿದ್ದರು. ಲೋಕದಲ್ಲಿ ಅವರಿಗೆ ಅನುಮಾನವೇ ಇಲ್ಲದ ಒಂದು ವಸ್ತು ಇದ್ದರೆ ಆ ಫ್ಲಾಪಿ.

ಅಂಗಡಿಯವನ ನಕಲು ಹತ್ತಕ್ಕೆ ಹತ್ತೂ ಆರೋಗ್ಯ ಎಂದಿತು. ಪತ್ರಿಕೆಯ ಪುಕ್ಕಟೆ ಸಿಡಿ ಹತ್ತಕ್ಕೆ ಹತ್ತೂ ರೋಗ ಎಂದು ಒಂದೊಂದಕ್ಕೂ ಗಂಟೆ ಬಾರಿಸಿತು, ಅಂದು ಬೆಳಿಗ್ಗೆ ಪೊಟ್ಟಣ ಒಡೆದ ಹೊಸ ಫ್ಲಾಪಿಗೂ. ಸಾಹೇಬರು ಅದನ್ನು ತೆಗೆಸಿದರು. "ಎಲ್ಲಾರ್ನೂವೆ ಕಳ್ರು ಅನ್ನೋನು ಕಾವಲ್ಗಾರ ಅಲ್ಲ ಕಣವ್ವ" ಎಂದರು. ಈ ಮಾತು ಯಾರ ಬಾಯಿಂದ ಬರುತ್ತಿದೆ ಎಂದು ನನಗೆ ನಗು ಬಂತು, ತಡೆದುಕೊಂಡೆ.

ಮೂರನೆಯದು ಒಂದೊಂದನ್ನೇ ನಿಧಾನವಾಗಿ ನೋಡಿತು. ಮೂರನೇ ನಂಬರಿಗೆ ಕೆಂಪು ಗುರುತು ಬಂತು. ಆಮೇಲೆ ಏಳನೇ ನಂಬರಿಗೆ. ಉಳಿದ ಎಂಟು ಶುದ್ಧ. ಒಂದು ನನ್ನ ನಕಲು, ಇನ್ನೊಂದು ಗುಮಾಸ್ತನದಲ್ಲದೆ ಇನ್ನಾರದು? ಸಿಕ್ಕಿಬಿದ್ದ ನೋಡಿ ಸಾ ಎಂದು ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆ ಗಳಿಗೆ ನನಗೆ ಆದದ್ದು ಸಂತೋಷ, ಈಗ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಸಾಹೇಬರು ಜೇಬಿನಿಂದ ಪಟ್ಟಿ ತೆಗೆದು ನೋಡಿದರು. ಮತ್ತೆ ಮಡಿಸಿ ಜೇಬಿಗೆ ಹಾಕಿಕೊಂಡರು. ಆ ಪಟ್ಟಿ ಅವರೊಬ್ಬರಿಗೇ ಗೊತ್ತು. ಹೌದು ಎಂದು ತಲೆಯಾಡಿಸಿದ್ದರೆ ನಾನು ನಂಬಿ ಕಾಫಿ ಕೊಟ್ಟು ಕಳಿಸುತ್ತಿದ್ದೆ. ಅವರು ಪಟ್ಟಿಯನ್ನು ಮತ್ತೆ ತೆಗೆದು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟರು.

"ಏಳು ನಂದು ಕಣವ್ವ. ಅವನ್ದು ನಾಕು. ಅದ್ರಲ್ಲಿ ಏನೂ ಇಲ್ಲ."

ಆಮೇಲೆ ಒಂದೊಂದೇ ಹೊರಗೆ ಬಂತು. ನಾನು ಟೈಪು ಮಾಡಿದ ಪುಟವನ್ನು ಅವರು ಪ್ರತಿ ವಾರ ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಸೆಂಟರಿಗೆ ಒಯ್ದು, ಅಲ್ಲಿ ತೆಗೆಸಿ ಓದಿಸುತ್ತಿದ್ದರು. ಕೋಠಿಯ ನಿಯಮ ಅದು: ಒಂದು ಕಣ್ಣು ನೋಡಿದ್ದನ್ನು ಇನ್ನೊಂದು ಕಣ್ಣು ನೋಡಬೇಕು. ಬ್ಲೀಚಿಂಗ್ ಲೆಕ್ಕದಲ್ಲಿ ನಾನೊಂದು ಸೊನ್ನೆ ತಪ್ಪಿದರೆ ಒಂದೂರಿನ ಹುಳುವೇ ಹೋಗುತ್ತದಲ್ಲ. ಅಲ್ಲಿಂದ ಅದೇ ಫ್ಲಾಪಿ ಮುಂದಿನ ವಾರ ನಮ್ಮ ಮನೆಗೆ. ಸಂಜೆ ಸಾಹೇಬರು ಹೋಗಿ ವಿಚಾರಿಸಿದಾಗ ಸೆಂಟರಿನವನು, ಈ ವೈರಸ್ಸು ನಮ್ಮಲ್ಲಿ ಬೇಸಿಗೆಯಿಂದ ಇದೆ ಬಿಡಿ ಸಾರ್ ಎಂದು ನಕ್ಕನಂತೆ. ಅವರಿಗೆ ನನ್ನ ಮೇಲಿದ್ದ ಅನುಮಾನವೇ ರೋಗವನ್ನು ನನ್ನ ಮನೆಗೆ ತಂದಿತ್ತು. ನನಗೆ ಸಿಟ್ಟು ಬಂತು. ಬೇಲಿಯೇ ಎದ್ದು ಹೊಲ ಮೇಯಿತಲ್ಲ ಸಾ ಎಂದು ಮುಖಕ್ಕೇ ಅಂದುಬಿಟ್ಟೆ. ಅವರು ಗುಮಾಸ್ತನ ಫ್ಲಾಪಿಯನ್ನು ಎತ್ತಿ ತೋರಿಸಿದರು. ಅದರ ಮೂಲೆಯ ಪುಟ್ಟ ಗುಂಡಿಯನ್ನು ಸರಿಸಿ, ಹೊರಗಿನದು ಏನೂ ಒಳಗೆ ಬರೆದುಕೊಳ್ಳದಂತೆ ಅವನು ಮಾಡಿಟ್ಟಿದ್ದ. ಅವನು ತಿರುಗಿಸಿ ತಿರುಗಿಸಿ ನೋಡುತ್ತಿದ್ದದ್ದು ಅದನ್ನೇ.

ಎರಡು ದಿನ ಬಿಟ್ಟು ಇಬ್ಬರೂ ಹನೂರಿನ ಬಸ್ಸು ಹತ್ತಿದೆವು. ಆ ದಿನ ಸಾಹೇಬರು ಯಾರನ್ನೂ ಕೇಳದೆ ಹತ್ತಿದರು. ದಾರಿಯಲ್ಲಿ, ನಾನು ಕೇಳದಿದ್ದರೂ, ಒಂದು ಹಳೆಯ ಕತೆ ಹೇಳಿದರು. ಕೋಠಿಗೆ ಸೇರಿದ ಹೊಸತರಲ್ಲಿ ಒಂದು ಸಂಜೆ ಇನ್ನು ನಾಲ್ಕೈದು ಗಾಜು ಉಳಿದಿದ್ದವು, ಬೆಳಕು ಕಮ್ಮಿಯಾಗಿತ್ತು, ನೋಡದೆ ಸಹಿ ಹಾಕಿದರು. ಆ ಮೊಟ್ಟೆ ಶಾಗ್ಯ ಎಂಬ ಹಳ್ಳಿಗೆ ಹೋಯಿತು. ಹುಳು ಗೂಡು ಕಟ್ಟಲಿಲ್ಲ. ಊರಿನವರು ಸೊಪ್ಪಿನ ದೋಷ ಅಂದುಕೊಂಡರು, ಯಾರದೋ ದೃಷ್ಟಿ ಅಂದುಕೊಂಡರು.

"ಅವತ್ತು ಯಾರೂ ನನ್ನ ಕೇಳ್ನಿಲ್ಲ ಕಣವ್ವ. ನಾನೂ ಯೋಳ್ನಿಲ್ಲ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಬಾಗಿಲ ಬೋಗುಣಿ ಯಾಕೆ, ಆ ಕಿರುಪುಸ್ತಕ ಯಾಕೆ ಎಂದು ನನಗೆ ಆಗ ತಿಳಿಯಿತು. ಬೇಲಿಯ ಮಾತು ಅನ್ನಬಾರದಿತ್ತು ಎನ್ನಿಸಿತು.

ಗುಮಾಸ್ತ ಶಾಲೆಯ ಹಿಂದಿನ ಕೋಣೆಯಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ಕಟ್ಟುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ, ಕೂತುಕೊಳ್ಳಿ ಎನ್ನಲಿಲ್ಲ. ಸಾಹೇಬರು ಬಾಗಿಲಲ್ಲೇ ನಿಂತು ಹೇಳಿದರು.

"ರೋಗ ನನ್ ಕಾಲಲ್ಲೇ ಬಂದಿತ್ತು ಕಣಪ್ಪ. ಎಡ್‌ಮಾಸ್ಟ್ರುಗೆ ನಿನ್ ಎಸ್ರು ಯೋಳ್ದೋನೂ ನಾನೇ."

ಕೊನೆಯ ಮಾತು ಸುಳ್ಳು. ಅವರ ಹಿಂದೆ ನಿಂತಿದ್ದ ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಬರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ನಾನು ಬರಗೊಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎನ್ನಿಸಿತು.

ಗುಮಾಸ್ತ ತನ್ನ ಫ್ಲಾಪಿ ಕೇಳಿದ. ಸಾಹೇಬರು ಕರ್ಚೀಫಿನಲ್ಲಿ ಸುತ್ತಿ ತಂದಿದ್ದನ್ನು ಕೊಟ್ಟರು. ಅವನು ತಿರುಗಿಸಿ, ಮೂಲೆಯ ಗುಂಡಿ ಸರಿಸಿದಂತೆಯೇ ಇದೆಯೇ ಎಂದು ನೋಡಿಕೊಂಡು ಜೇಬಿಗೆ ಹಾಕಿಕೊಂಡ. ಆಮೇಲೆ ಟೀ ತರಿಸಿದ. ವಾಪಸು ಬರುವಾಗ ಸಾಹೇಬರ ಮುಖ ಅರಳಿತ್ತು. ನಾವು ಕ್ಷಮೆ ಕೇಳುವಾಗಲೂ ಅವನು ಗುಂಡಿ ನೋಡಿದನಲ್ಲ, ಇಂಥವನು ಕೋಠಿಯಲ್ಲಿ ಇರಬೇಕಿತ್ತು ಎಂದು ಕೊಳ್ಳೇಗಾಲ ಬರುವವರೆಗೂ ಹೇಳಿಕೊಂಡರು. ಹೆಡ್‌ಮಾಸ್ಟರಿಗೂ ತಮ್ಮ ಕೈಯಾರೆ ಕಾಗದ ಬರೆದರು. ಗುಮಾಸ್ತನಿಗೆ ಬೀಗದ ಕೈ ಮರಳಿ ಬಂತು. ನನಗೆ ಪ್ರಶ್ನೆಪತ್ರಿಕೆ ಉಳಿಯಿತು. ಆ ಮೂರನೆಯ ಡಬ್ಬಿಯನ್ನೇ ಕೊಂಡೆವು, ಅದನ್ನೂ ಸಾಹೇಬರು ತಿಂಗಳಿಗೊಮ್ಮೆ ರೋಗದ ಫ್ಲಾಪಿ ಹಾಕಿ ಪರೀಕ್ಷಿಸುತ್ತಿದ್ದರು.

ಕಿರುಪುಸ್ತಕ ಅಚ್ಚಾಯಿತು. ಮೊದಲ ಕಟ್ಟನ್ನು ಅವರೇ ಹೊತ್ತುಕೊಂಡು ಶಾಗ್ಯಕ್ಕೆ ಹೋಗಿ ಹಂಚಿದರು. ಅಲ್ಲಿ ಏನು ಹೇಳಿದರೋ, ಏನು ಕೇಳಿಸಿಕೊಂಡರೋ, ನನಗೆ ಹೇಳಲಿಲ್ಲ. ಮುಂದೆ ಬಲಗಣ್ಣಿಗೆ ಪೊರೆ ಬಂತು. ಮಂಜಾದ ಆ ಕಣ್ಣಲ್ಲೇ ಡಾಕ್ಟರನ್ನೂ ಅನುಮಾನದಿಂದ ನೋಡುತ್ತಿದ್ದರು. ಪುಸ್ತಕ ಬಂದ ಎರಡನೆಯ ವರ್ಷದ ಮಾಗಿಯಲ್ಲಿ ತೀರಿಕೊಂಡರು.

ಹನ್ನೊಂದನೆಯ ದಿನದ ತಿಥಿಗೆ ಗುಮಾಸ್ತ ಹನೂರಿನಿಂದ ಬಂದ. ಮನೆಯವರು ಬಾಗಿಲ ಬೋಗುಣಿಯನ್ನು ತೆಗೆದಿದ್ದರು. ಎಲ್ಲರೂ ನೇರ ಒಳಗೆ ಹೋಗುತ್ತಿದ್ದೆವು, ನಾನೂ ಹೋಗಿದ್ದೆ. ಅವನು ಹೊಸ್ತಿಲ ಮುಂದೆ ನಿಂತು ಬೋಗುಣಿ ಇದ್ದ ಜಾಗ ನೋಡಿದ. ಹಿಂದಿರುಗಿ ಬೀದಿಯ ನಲ್ಲಿಗೆ ಹೋಗಿ ಕಾಲು ತೊಳೆದುಕೊಂಡು ಒಳಗೆ ಬಂದ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಹೋಗಿ, ಅದೇ ನಲ್ಲಿಯಲ್ಲಿ ಕಾಲು ತೊಳೆದು ಬಂದು ಅವನ ಪಕ್ಕ ನಿಂತೆ. ಅವತ್ತು ಹೆಡ್‌ಮಾಸ್ಟರಿಗೆ ನಿಮ್ಮ ಹೆಸರು ಹೇಳಿದವಳು ನಾನು, ಸಾಹೇಬರಲ್ಲ ಎಂದೆ.

"ಗೊತ್ತಿತ್ತು ಕಣಕ್ಕ" ಎಂದ. ಊಟಕ್ಕೆ ಕೂರುತ್ತಾ ತನ್ನ ಪಕ್ಕದ ಎಲೆಯ ಮುಂದೆ ನನಗೆ ಜಾಗ ಬಿಟ್ಟು, ತನ್ನ ಎಲೆಗೆ ನೀರು ಚಿಮುಕಿಸಿಕೊಂಡ.