ಲೆಕ್ಕಕ್ಕೆ ಹಿಡಿಯದ ತಿಂಗಳು

ಮೊನ್ನೆ ಬೆಳಿಗ್ಗೆ ಅಡುಗೆಮನೆಯಿಂದ ಹೂರಣದ ವಾಸನೆ ಬಂತು. ಬೆಂದ ಕಡಲೆಬೇಳೆ, ಬೆಲ್ಲ, ಮೇಲಿಷ್ಟು ಜಾಜಿಕಾಯಿ. ಈ ವರ್ಷ ಅಧಿಕ ಮಾಸ ಬಂದಿದೆ. ನಮ್ಮ ನಿಪ್ಪಾಣಿ ಕಡೆ ಧೋಂಡ್ಯಾ ತಿಂಗಳು ಅನ್ನುತ್ತಾರೆ. ಪಂಚಾಂಗದ ಲೆಕ್ಕ ಸರಿದೂಗಲೆಂದು ಎರಡು ಮೂರು ವರ್ಷಕ್ಕೊಮ್ಮೆ ಒಂದೇ ಹೆಸರಿನ ತಿಂಗಳು ಎರಡು ಸಲ ಬರುತ್ತದೆ. ಆ ಹೆಚ್ಚಿನ ತಿಂಗಳಲ್ಲಿ ಅಳಿಯನನ್ನು ಕರೆದು ಹೂರಣ ತುಂಬಿದ ಧೋಂಡೆ ತಿನ್ನಿಸುವುದು ಪದ್ಧತಿ. ಅವ್ವ ನನ್ನ ತಂಗಿಯ ಗಂಡನಿಗಾಗಿ ಮಾಡುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತು ಒಂದು ಹಾಳೆ ಓದುತ್ತಿದ್ದೆ. ಹಾಳೆ ಕೈಯಲ್ಲಿತ್ತು, ವಾಸನೆ ಮೂಗಿಗೆ ಬಂತು, ಬಾಜೂಮನೆಯ ವೈನಿ, ಓಣಿಯ ಸಂಬಂಧದಲ್ಲಿ ನನಗೆ ಅತ್ತಿಗೆ, ಬಂದು ಎದುರಿಗೆ ಕೂತಂತಾಯಿತು...

ಆ ಹಾಳೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಊರಿನ ಒಬ್ಬ ದೊಡ್ಡ ಮನುಷ್ಯರು, ರಿಟೈರ್ ಆದವರು, ತಂದುಕೊಟ್ಟಿದ್ದರು. ಗರ್ಭಪಾತಕ್ಕೆ ಕಾನೂನಿನಲ್ಲಿರುವ ವಾರಗಳ ಮಿತಿಯನ್ನು ಇಳಿಸಬೇಕು, ಮೂರು ತಿಂಗಳು ದಾಟಿದ ಮೇಲೆ ಯಾವ ಹೆಂಗಸಿಗೂ ಅವಕಾಶ ಇರಬಾರದು ಎಂದು ಸರಕಾರಕ್ಕೊಂದು ಮನವಿ. ಚಿಕ್ಕೋಡಿಗೆ ಹೋಗಿ ಸಾಹೇಬರ ಕೈಗೆ ಕೊಡುವುದಂತೆ. “ಮೇಡಂ, ನಿಮ್ಮ ಕನ್ನಡ ಚಲೋ ಐತಿ, ಇದನ್ನಿಷ್ಟ ಚಂದಗೆ ಬರದು ಕೊಡ್ರಿ” ಅಂದಿದ್ದರು. ಕರಡಿನಲ್ಲಿ ಒಂದು ಸಾಲಿತ್ತು: ಮನಸ್ಸು ಗಟ್ಟಿ ಮಾಡಿಕೊಳ್ಳಲು ಮೂರು ತಿಂಗಳು ಧಾರಾಳ ಸಾಕು. ಕೆಳಗೆ ಸಹಿ ಮಾಡಿದವರೆಲ್ಲ ಗಂಡಸರು. ತಮ್ಮ ಮನೆಯ ಸೊಸೆ ಎಷ್ಟನೇ ತಿಂಗಳಲ್ಲಿದ್ದಾಳೆ ಎಂದು ಕೇಳಿದರೆ ಒಳಗೆ ಮುಖ ಮಾಡಿ ಹೆಂಡತಿಯನ್ನು ಕೂಗುವ ಮಂದಿ ಇವರು. ಇವರಿಗೆ ಧಾರಾಳ ಯಾವುದು, ಬಿಗಿ ಯಾವುದು, ಗೊತ್ತಂತೆ.

ವೈನಿ ನಮ್ಮ ಓಣಿಗೆ ಸೊಸೆಯಾಗಿ ಬಂದಾಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ತವರು ಶೇಡಬಾಳ, ಕಲಿತದ್ದು ಏಳನೇ ಇಯತ್ತೆಯವರೆಗೆ. ಗಂಡನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು. ನನ್ನಪ್ಪ ತಂಬಾಕು ವಖಾರಿಯಲ್ಲಿ ಚೀಲ ಹೊರುತ್ತಿದ್ದ, ಅವ್ವ ಬೀಡಿ ಕಟ್ಟುತ್ತಿದ್ದಳು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಹೆಣ್ಣು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾರೂ ಬಿಟ್ಟಿ ಕೊಟ್ಟದ್ದಲ್ಲ. ಓಣಿಯ ಹೆಂಗಸರು “ಇಕಿ ಕಲ್ತ ಏನ ಕಲೆಕ್ಟರ್ ಆಗಾಕಿ ಅದಾಳೇನ?” ಎಂದು ನಗುತ್ತಿದ್ದಾಗ ವೈನಿ ಒಬ್ಬಳೇ ತಿರುಗಿಸಿ ಅನ್ನುತ್ತಿದ್ದಳು: “ನಾಳೆ ನಿಮ್ಮ ಔಷಧದ ಚೀಟಿ ಓದಾಕ ಆಕಿನ ಬೇಕ, ನೆನಪ ಇಟ್ಕೋರಿ.”

ನಾನು ಪಾಸಾದ ದಿನ ಅಪ್ಪ ವಖಾರಿಗೆ ಹೋಗಿದ್ದ, ಅವ್ವನಿಗೆ ಪದವಿ ಅಂದರೇನೆಂದೇ ತಿಳಿಯಲಿಲ್ಲ. ಓಣಿಯಲ್ಲಿ ಮನೆಮನೆಗೆ ಸಕ್ಕರೆ ಹಂಚಿದವಳು ವೈನಿ. ಅಂದಿನಿಂದ ನನ್ನನ್ನು ‘ಗ್ರಾಜುಯೇಟ್ ಬಾಯಿ’ ಎಂದೇ ಕರೆಯುತ್ತಿದ್ದಳು. ಚೇಷ್ಟೆಯೂ ಇರುತ್ತಿತ್ತು, ಅಭಿಮಾನವೂ ಇರುತ್ತಿತ್ತು. ಅಂಚೆಯ ಕಾಗದ, ಗುಳಿಗೆಯ ಪಟ್ಟಿ, ಗ್ಯಾಸಿನ ಪುಸ್ತಕ, ಎಲ್ಲ ನಡುಗೋಡೆಯ ಮೇಲಿಂದ ನನ್ನ ಕೈಗೆ ಬರುತ್ತಿದ್ದವು. ನಾನು ಓದಿ ಹೇಳಿದ್ದು ಆಕೆಗೆ ಕಲ್ಲಿನ ಮೇಲೆ ಬರೆದಂತೆ.

ಲಗ್ನವಾಗಿ ಬಹಳ ವರ್ಷಕ್ಕೆ ವೈನಿ ಬಸುರಾದಳು. ನಾನಾಗ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ಆ ವರ್ಷವೂ ಈ ವರ್ಷದಂತೆಯೇ ಜ್ಯೇಷ್ಠ ಎರಡು ಸಲ ಬಂದಿತ್ತು. ದವಾಖಾನೆಗೆ ಹೋಗಿ ತಾಯಿ ಕಾರ್ಡ್ ಮಾಡಿಸುತ್ತೇನೆ ಅಂದರೆ ಅತ್ತೆ ಬಿಡಲಿಲ್ಲ. “ಧೋಂಡ್ಯಾ ತಿಂಗಳದಾಗ ಹೊಸಾದು ಏನೂ ಸುರು ಮಾಡಬಾರದು. ಅದು ಲೆಕ್ಕಕ್ಕ ಹಿಡಿಯೋ ತಿಂಗಳಲ್ಲ.” ಮುಂದಿನ ತಿಂಗಳು ಕಾರ್ಡಾಯಿತು. ಕಡೆಯ ಸಲ ಮುಟ್ಟಾದ ತಾರೀಖು ಯಾವುದು ಎಂದು ನರ್ಸ್ ಕೇಳಿದ್ದಕ್ಕೆ ವೈನಿ, “ಬಸವ ಜಯಂತಿ ಆಗಿ ನಾಕ ದಿನಕ್ಕ” ಅಂದಿದ್ದಳು. ಆ ಮಹಾತಾಯಿ ಕ್ಯಾಲೆಂಡರ್ ನೋಡುವ ತ್ರಾಸು ತಗೊಳ್ಳದೆ, ತಾರೀಖಿನ ಜಾಗದಲ್ಲಿ ಒಂದು ಗೆರೆ ಎಳೆದು, ನಾಲ್ಕು ತುಂಬಿ ಐದರಲ್ಲಿ ಬಿದ್ದ ಕೂಡಲೇ ಸ್ಕ್ಯಾನಿಂಗ್ ಮಾಡಿಸು ಎಂದು ಹೇಳಿ ಕಳಿಸಿದ್ದಳು.

ನಾಗರ ಪಂಚಮಿಯ ಮರುದಿನ ವೈನಿ ಗೋಡೆಯ ಹತ್ತಿರ ಬಂದಳು. ಕೈಯಲ್ಲಿ ಅರಳಿಟ್ಟಿನ ಉಂಡೆ.

“ಗ್ರಾಜುಯೇಟ್ ಬಾಯಿ, ನನಗ ಎಷ್ಟ ತುಂಬ್ಯಾವು ಹೇಳ. ನನ್ನ ಮೈಗೆ ನಾಕ ಅಂತ ಅನಸಾಕತ್ತೈತಿ. ಚಿಕ್ಕೋಡಿಗೆ ಸ್ಕ್ಯಾನಿಂಗ್‌ಗೆ ಹೋಗಬೇಕಲ್ಲ.”

ನಾನು ಬೆರಳು ಮಡಚಿದೆ. ವೈಶಾಖ, ಜ್ಯೇಷ್ಠ, ಆಷಾಢ. ಶ್ರಾವಣ ಈಗಷ್ಟೇ ಹಿಡಿದಿದೆ. ಬಸವ ಜಯಂತಿಯಿಂದ ಪಂಚಮಿಗೆ ಮೂರು, ಶಾಲೆಯ ಹುಡುಗರೂ ಹೇಳುತ್ತಾರೆ.

“ಮೂರ ತುಂಬ್ಯಾವ್ರಿ. ಗಣಪತಿ ಕೂಡಿಸಿದ ಮ್ಯಾಲ ಹೋಗೂಣು.”

“ಮೂರನ? ನನ್ನ ಮೈಗೆ...”

“ಮೈಗೆ ಕ್ಯಾಲೆಂಡರ್ ಗೊತ್ತಿರತೈತೇನ್ರಿ ವೈನಿ?”

ಆಕೆ ನಕ್ಕಳು. ಉಂಡೆ ಕೊಟ್ಟು ಹೋದಳು. ನನ್ನ ಬೆನ್ನ ಹಿಂದೆಯೇ ಗೋಡೆಗೆ ಕ್ಯಾಲೆಂಡರ್ ತೂಗುಬಿದ್ದಿತ್ತು. ತಿರುಗಿ ನೋಡಲಿಲ್ಲ, ಯಾಕೆಂದರೆ ನನಗೆ ಗೊತ್ತಿತ್ತು. ಎರಡು ತಿಂಗಳ ಹಿಂದೆ ಇದೇ ಮನೆಯಲ್ಲಿ ಕೂತು ಧೋಂಡೆ ತಿಂದವಳು ನಾನು. ಆ ತಿಂಗಳನ್ನು ತಿಂದು ಮರೆತಿದ್ದೆ.

ಗಣಪತಿ ಕೂಡಿಸಿದ ಮರುದಿನ ಚಿಕ್ಕೋಡಿಗೆ ಹೋದೆವು. ವೈನಿ ಹಸಿರು ದಡಿಯ ಸೀರೆ ಉಟ್ಟಿದ್ದಳು, ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ನನಗೆ ಓಣಿಯವರ ಅಣಕು ಮಾಡಿ ತೋರಿಸಿದಳು. ವಾಪಸು ಬರುವಾಗ...

ಡಾಕ್ಟರು ಬಹಳ ಹೊತ್ತು ನೋಡಿದರು. ಕೂಸಿಗೆ ಎರಡೂ ಕಿಡ್ನಿ ಮೂಡಿಲ್ಲ, ಸುತ್ತ ಇರಬೇಕಾದ ನೀರು ಇಲ್ಲ, ಹುಟ್ಟಿದರೂ ಉಸಿರಾಡಲಾರದು ಎಂದರು. ವೈನಿ ಎದ್ದು ಕೂತು ಸೆರಗು ಸರಿಮಾಡಿಕೊಂಡು ಕೇಳಿದಳು: “ಹಂಗಾರ ತಗದ ಬಿಡ್ರಿ ಸಾಹೇಬ್ರ. ನಾ ಅಳಂಗಿಲ್ಲ.”

“ಆಗಂಗಿಲ್ಲವ್ವಾ. ಇಪ್ಪತ್ತ ವಾರ ದಾಟೈತಿ. ಐದ ದಿನ ಹೆಚ್ಚಿಗಿ.”

ಆಗ ಕಾನೂನು ಇಪ್ಪತ್ತಕ್ಕೇ ನಿಂತಿತ್ತು. ನಾನು ಮುಂದೆ ಬಂದೆ. ನಾಲ್ಕೇ ತಿಂಗಳು ತುಂಬಿದ್ದು, ನಿಮ್ಮ ಅಳತೆ ತಪ್ಪಿದೆ ಎಂದು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ವಾದಿಸಿದೆ. ನಾನು ಪದವೀಧರೆ, ಟೀಚರ್ ಎಂದೂ ಹೇಳಿದೆ. ಡಾಕ್ಟರು ರಿಪೋರ್ಟಿನ ಮೇಲೆ ಬೆರಳಿಟ್ಟು, “ಮಷೀನಿಗೆ ನಿಮ್ಮ ಡಿಗ್ರಿ ಗೊತ್ತಿಲ್ಲ ಮೇಡಂ. ಐದ ದಿನದ ಸಲುವಾಗಿ ನಾ ಜೈಲಿಗೆ ಹೋಗಲೇನು? ಬೇಕಾದ್ರ ಧಾರವಾಡಕ್ಕ ಹೋಗ್ರಿ, ಹೈಕೋರ್ಟಿನಾಗ ಕೇಳ್ರಿ” ಎಂದರು. ಸುಳ್ಳು ಹೇಳಲಿಲ್ಲ ಅವರು. ಆದರೂ ಐದು ದಿನ ಅನ್ನುವಾಗ ಅವರ ದನಿಯಲ್ಲಿದ್ದ ಸಮಾಧಾನವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕೈ ತೊಳೆದುಕೊಳ್ಳಲು ಐದು ದಿನದ ನೀರು ಸಾಕಾಗಿತ್ತು.

ಧಾರವಾಡಕ್ಕೆ ಯಾರು ಹೋಗುತ್ತಾರೆ? ಗಂಡ, “ಬ್ಯಾರೆ ಡಾಕ್ಟರಿಗೆ ತೋರಿಸೂಣು” ಅಂದ. ಬೇರೆಯವರು ವಾರಗಳನ್ನು ನೋಡಿಯೇ ಫೈಲು ತಿರುಗಿಸಿ ಕೊಟ್ಟರು. ಅತ್ತೆ, “ಹೊಟ್ಟ್ಯಾಗಿನದು ಮಷೀನಿಗೇನ ತಿಳಿತೈತಿ” ಅಂದು ಸುದ್ದಿಯನ್ನು ಮನೆಯೊಳಗೇ ಮುಚ್ಚಿಟ್ಟಳು. ಒಂದು ವಾರ ಹೋಯಿತು, ಎರಡು ಹೋಯಿತು. ನಾನು ಮಾತ್ರ ಶಾಲೆಯಲ್ಲಿ, ಬಸ್ಸಿನಲ್ಲಿ, ಸಿಕ್ಕವರ ಮುಂದೆಲ್ಲ ಆ ಡಾಕ್ಟರಿಗೆ ಅಳೆಯಲು ಬರುವುದಿಲ್ಲ ಎಂದು ಬೈದುಕೊಂಡು ತಿರುಗಿದೆ.

ದೀಪಾವಳಿ ಆದ ಮೇಲೆ ಕುಬಸ ಮಾಡಿದರು. ಮಾಡದಿದ್ದರೆ ಓಣಿ ಕೇಳುತ್ತದಲ್ಲ. ಹಸಿರು ಸೀರೆ ಉಡಿಸಿ, ಹೂವಿನ ದಂಡೆ ಕಟ್ಟಿ, ಉಡಿ ತುಂಬಿ, ಗಂಡೋ ಹೆಣ್ಣೋ ಎಂದು ಹೆಂಗಸರು ಚೇಷ್ಟೆ ಮಾಡಿದರು. ಉಳಿಯದ ಕೂಸಿಗೆ ಆರತಿ. ಅಂಥ ನಾಟಕವನ್ನು ನಾನು ಮತ್ತೆ ನೋಡಿಲ್ಲ, ನಾನೂ ಅದರಲ್ಲಿ ತಟ್ಟೆ ಹಿಡಿದು ನಿಂತಿದ್ದೆ.

ಬಳೆ ಇಡಿಸಲು ಬಂದವರು ಮುಸಲ್ಮಾನರ ಓಣಿಯ ಚಾಚಿ. ತಾಲೂಕಿನ ಅರ್ಧ ಹೆಂಗಸರ ಕೈಯಳತೆ ಅವರಿಗೆ ಬಾಯಿಪಾಠ. ಯಾರೋ, ಬಸವ ಜಯಂತಿಗೆ ಹೊರಗಾದಾಕಿ, ಈಗ ಏಳರಲ್ಲಿದ್ದಾಳೆ ಎಂದರು. ಚಾಚಿ ತಲೆ ಎತ್ತದೆ ಬಳೆ ಏರಿಸುತ್ತಲೇ ಅಂದರು:

“ಏಳಲ್ಲಬೇ, ಎಂಟು. ನಿಮ್ಮ ಧೋಂಡ್ಯಾ ತಿಂಗಳ ಎಲ್ಲಿ ಹೋತು? ನಮ್ಮ ರೋಜಾ ಅದರಾಗ ಬಂದಿತ್ತು. ಆ ಬಿಸಲಾಗ ತಿಂಗಳ ಪೂರಾ ನೀರಿಲ್ಲದ ಉಪಾಸ ಇದ್ದಾಕಿ ನಾನು, ಹ್ಯಾಂಗ ಮರೀಲಿ? ನೀವು ಧೋಂಡೆ ತಿಂದು ಮರತಿರಿ.”

ಹೆಂಗಸರು ನಕ್ಕರು. ನನ್ನ ಕೈಯ ತಟ್ಟೆ ಅಲ್ಲೇ ನಿಂತಿತು. ವೈಶಾಖ, ಜ್ಯೇಷ್ಠ, ಮತ್ತೊಂದು ಜ್ಯೇಷ್ಠ, ಆಷಾಢ... ಪಂಚಮಿಯ ದಿನ ನಾಲ್ಕು ತುಂಬಿದ್ದವು. ಆ ವಾರವೇ ಚಿಕ್ಕೋಡಿಗೆ ಹೋಗಿದ್ದರೆ ಇಪ್ಪತ್ತಕ್ಕೆ ಇನ್ನೂ ಮೂರು ವಾರ ಇರುತ್ತಿತ್ತು. ಆಕೆಯ ಮೈಗೆ ಗೊತ್ತಿತ್ತು. ಚಾಚಿಗೆ ಗೊತ್ತಿತ್ತು. ಡಾಕ್ಟರ ಮಷೀನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಓಣಿಯ ಒಬ್ಬಳೇ ಪದವೀಧರೆಗೆ.

ವೈನಿ ಒಂದು ಸಲ ನನ್ನ ಕಡೆ ನೋಡಿದಳು. ಸಿಟ್ಟಿನ ನೋಟವಲ್ಲ. ಆಮೇಲೆ ಇನ್ನೊಂದು ಕೈಯನ್ನು ಮುಂದೆ ಚಾಚಿ ಮೆಲ್ಲಗೆ ಅಂದಳು: “ಚಾಚಿ, ಇಷ್ಟ ಬಿಗಿ ಹಾಕಬ್ಯಾಡ್ರಿ. ಆಮ್ಯಾಲ ತಗಿಯೂದು ತ್ರಾಸ ಆಕ್ಕೈತಿ.”

ಬಾಣಂತನಕ್ಕೆ ಶೇಡಬಾಳಕ್ಕೆ ಹೋದಳು. ಚಳಿಗಾಲ ಮುಗಿಯುವ ಮೊದಲು ಮೀರಜಿಗೆ ಒಯ್ದು ಹೆರಿಗೆ ಮಾಡಿಸಿದರು. ಗಂಡು. ಅಳಲಿಲ್ಲವಂತೆ, ಒಂದು ತಾಸೂ ಇರಲಿಲ್ಲವಂತೆ. ಎದೆ ಹಾಲು ಮಾತ್ರ ಎಂಟು ದಿನ ನಿಲ್ಲಲಿಲ್ಲ... ಇದನ್ನು ಅವ್ವ ಬಂದು ಹೇಳಿದಳು. ನಾನು ನೋಡಲು ಹೋಗಲಿಲ್ಲ. ಶಾಲೆಯಲ್ಲಿ ರಜೆ ಸಿಗಲಿಲ್ಲ ಎಂದೆ. ರಜೆ ಕೇಳಿಯೇ ಇರಲಿಲ್ಲ. ಅಂಥ ಕೂಸು ಹಡೆದವಳು ಮತ್ತೆ ಬೇಡ ಎಂದು ಅತ್ತೆ ಕರೆತರಲಿಲ್ಲ, ಗಂಡ ತುಟಿ ಬಿಚ್ಚಲಿಲ್ಲ. ಎರಡು ವರ್ಷಕ್ಕೆ ಆ ಮನೆಗೆ ಇನ್ನೊಬ್ಬಳು ಬಂದಳು. ಅವಳನ್ನು ನಾನು ವೈನಿ ಎಂದು ಕರೆದಿಲ್ಲ.

ಮುಂದೆ ಕಾನೂನು ಬದಲಾಯಿತು. ಕೆಲವರಿಗೆ ಇಪ್ಪತ್ನಾಲ್ಕು ವಾರದವರೆಗೆ ಏರಿಸಿದರು. ಕೂಸಿಗೆ ಇಂಥ ದೊಡ್ಡ ದೋಷವಿದ್ದರೆ ಡಾಕ್ಟರುಗಳ ಮಂಡಳಿ ನೋಡಿ ಅದರಾಚೆಗೂ ಒಪ್ಪಬಹುದು. ನನ್ನಂಥ ಬುದ್ಧಿವಂತರು ತಪ್ಪು ಎಣಿಸುತ್ತಾರೆ, ನರ್ಸು ಗೆರೆ ಎಳೆಯುತ್ತಾಳೆ, ಅತ್ತೆ ಬಾಗಿಲು ಹಾಕುತ್ತಾಳೆ ಎಂಬುದು ಕಾನೂನಿಗೂ ತಡವಾಗಿ ತಿಳಿದಿರಬೇಕು. ಅದನ್ನೇ ಈಗ ಇಳಿಸಬೇಕಂತೆ. ನಮ್ಮ ಕಡೆಯ ಎಷ್ಟೋ ಹೆಂಗಸರು ಸ್ಕ್ಯಾನಿಂಗ್ ಕೋಣೆಯ ಬಾಗಿಲು ನೋಡುವುದೇ ಐದರಲ್ಲಿ. ಇವರು ಮೂರಕ್ಕೇ ಕೀಲಿ ಹಾಕುವವರು. ಮಿತಿಯೇ ಬೇಡ ಎನ್ನುವವಳಲ್ಲ ನಾನು. ಹೊಟ್ಟೆಯಲ್ಲಿರುವುದು ಕಸವಲ್ಲ ಎಂದು ನನಗೂ ಗೊತ್ತು. ವೈನಿಗೆ ನನಗಿಂತ, ಈ ಸಹಿ ಮಾಡಿದವರೆಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಆದರೆ ಬೇರೊಬ್ಬಳ ದಿನಗಳನ್ನು ಕುರ್ಚಿಯಲ್ಲಿ ಕೂತು ಎಣಿಸಿ ‘ಧಾರಾಳ’ ಎನ್ನುವವರ ಬಾಯಿ ನನಗೆ ಚೆನ್ನಾಗಿ ಪರಿಚಯ. ಒಂದು ಕಾಲಕ್ಕೆ ಅದು ನನ್ನ ಬಾಯಿಯೇ ಆಗಿತ್ತು.

ಸಂಜೆ ಆ ದೊಡ್ಡ ಮನುಷ್ಯರು ಬಂದರು. “ಆತೇನ್ರಿ ಮೇಡಂ?”

ಹಾಳೆ ಇದ್ದಂತೆಯೇ ವಾಪಸು ಕೊಟ್ಟೆ. “ನನಗ ಲೆಕ್ಕ ಬರೂದಿಲ್ರಿ. ಬ್ಯಾರೆದವರ ಕಡೆ ಬರಸ್ರಿ.”

ಅವರು ನಕ್ಕರು. “ಲೆಕ್ಕ ಎಲ್ಲೈತ್ರಿ ಇದರಾಗ? ಬರೇ ಕನ್ನಡ ತಿದ್ದೂದೈತಿ.”

“ಇದರಾಗ ಇರೂದ ಲೆಕ್ಕರಿ. ನಾ ಒಂದ ಸಲ ತಪ್ಪ ಮಾಡೇನಿ. ಒಬ್ಬಾಕಿ ಐದ ತಿಂಗಳ ಸತ್ತ ಬದಕಿದ್ಲು.”

ಯಾರು, ಏನು ಎಂದು ಅವರು ಕೇಳಲಿಲ್ಲ. ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಕಾಲೇಜಿನ ಒಬ್ಬ ಮಾಸ್ತರರ ಹೆಸರು ಹೇಳಿ, ಅವರ ಹತ್ತಿರ ಬರೆಸುತ್ತೇನೆ ಎಂದು ಹೋದರು. ಬರೆಸಿಯೂ ಇರಬೇಕು.

ತಪ್ಪು ನನ್ನದು ಎಂದು ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದೆ, ಅದೂ ಕೇಳುವ ಮನಸ್ಸೇ ಇಲ್ಲದ ಒಬ್ಬ ಗಂಡಸಿನ ಮುಂದೆ. ವೈನಿ ಈಗಲೂ ಶೇಡಬಾಳದಲ್ಲೇ ಇದ್ದಾಳಂತೆ, ಹೊಲಿಗೆ ಹಾಕುತ್ತಾಳಂತೆ. ಶೇಡಬಾಳ ಪರದೇಶವಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ಇಷ್ಟು ವರ್ಷ ನಾನು ಹೋಗಿಲ್ಲ. ಹೋದರೆ ಆಕೆ ಬೈಯುವುದಿಲ್ಲ ಎಂದು ಗೊತ್ತು. ಬಾಗಿಲಲ್ಲಿ ನಿಂತವಳನ್ನು ನೋಡಿ ಗ್ರಾಜುಯೇಟ್ ಬಾಯಿ ಬಂದಳು ಎಂದು ಒಳಗೆ ಕರೆದಾಳು. ಆ ಹೆಸರು ಹಿಡಿದು ಕರೆಸಿಕೊಳ್ಳುವ ಧೈರ್ಯ ನನಗಿಲ್ಲ...